ಎತ್ತರದ ಹುಡುಗಿ ಗಿಡ್ಡಿಯಾದ ಮೇಲೆ

ಹೋದ ವಾರ ಪುಣೆಯ ಒಂದು ಒಳಾಂಗಣ ಸ್ಟೇಡಿಯಂನಿಂದ ನನ್ನ ಅಣ್ಣನನ್ನು ಹೊರಗೆ ಕಳಿಸುವುದೊಂದು ಬಾಕಿ ಇತ್ತು.

ತಪ್ಪೇನೂ ಮಾಡಿರಲಿಲ್ಲ. ಮಾತಾಡುತ್ತಿದ್ದ, ಅಷ್ಟೆ. ತಾಂಬಾದ ತನ್ನ ಲಿಂಬೆ ತೋಟದಲ್ಲಿ ಈ ತುದಿಯಿಂದ ಆ ತುದಿಗೆ ಆಳುಗಳನ್ನು ಕರೆಯುವ ದನಿಯಲ್ಲೇ, ಪಕ್ಕದ ಕುರ್ಚಿಯಲ್ಲಿದ್ದ ನನ್ನನ್ನು "ಅಕಿ ಎಲ್ಲಿ ಕುಂತಾಳ? ಕಾಣವಲ್ಲಳಲ್ಲ!" ಎಂದು ಕೇಳುತ್ತಿದ್ದ. ಮುಂದಿನ ಸಾಲಿನ ದಂಪತಿ ಮತ್ತೆ ಮತ್ತೆ ತಿರುಗಿ ನೋಡಿದರು. ಕೊನೆಗೆ ವಾಕಿಟಾಕಿ ಹಿಡಿದ ವಾಲಂಟಿಯರ್ ಒಬ್ಬಳು ಬಂದು, ಇಲ್ಲೇನಾದರೂ ಜಗಳ ನಡೆದಿದೆಯೇ ಎಂದು ವಿಚಾರಿಸಿದಳು.

"ಜಗಳಾ? ಯಾರ ಜೋಡಿ? ಇಕಿ ನನ್ನ ತಂಗಿರೀ!" ಎಂದ ಅಣ್ಣ. ಅದೂ ಅದೇ ದನಿಯಲ್ಲಿ.

(ಆಕೆಗೆ ಕನ್ನಡ ಬರುತ್ತಿರಲಿಲ್ಲ. ಹಾಗಾಗಿ ಜಗಳ ಖಚಿತವಾಯಿತು.) ನನ್ನ ಹರಕು ಮರಾಠಿಯಲ್ಲಿ ಸಮಾಧಾನ ಹೇಳಿ ಕಳಿಸಿದೆ.

ನಾನು ಸಿಂದಗಿಯವಳು, ಅಣ್ಣನ ತಾಂಬಾ ಪಕ್ಕದ ಇಂಡಿ ತಾಲ್ಲೂಕಿನ ಊರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ತಾಲ್ಲೂಕುಗಳಿಗೆ ಪಿಸುಮಾತು ಇನ್ನೂ ಬಂದು ಮುಟ್ಟಿಲ್ಲ. ನಾವು "ಚಹಾ ಕುಡೀರಿ" ಎಂದರೆ ದಕ್ಷಿಣದ ನೆಂಟರು ಹೆದರಿಕೊಂಡೇ ಕುಡಿಯುತ್ತಾರೆ. ನಾವು ಅದನ್ನು ಪ್ರೀತಿ ಎನ್ನುತ್ತೇವೆ.

ಇರಲಿ. ಅಣ್ಣ ಹುಡುಕುತ್ತಿದ್ದುದು ತನ್ನ ಮಗಳನ್ನು. ಹೆಸರು ಮೃದುಲಾ. (ಹೆಸರಿಟ್ಟವಳು ನಾನೇ. ತೊಟ್ಟಿಲಲ್ಲಿದ್ದಾಗ ಯಾರಿಗೆ ಗೊತ್ತಾಗುತ್ತದೆ?) ವೃತ್ತಿಪರ ಲೀಗ್‌ನಲ್ಲಿ, ಸಂಬಳ ಕೊಟ್ಟು ಆಡಿಸುವ ಬಾಸ್ಕೆಟ್‌ಬಾಲ್ ತಂಡದಲ್ಲಿ, ಅದು ಅವಳ ಮೊದಲ ಮ್ಯಾಚ್. ಆಯ್ಕೆಯಾದ ಸುದ್ದಿ ಬಂದಾಗ ವೈನಿ, ಅಂದರೆ ಅವಳ ತಾಯಿ, ಕೇಳಿದ್ದು ಒಂದೇ ಪ್ರಶ್ನೆ.

"ಚೆಂಡ ಒಗದ್ರ ಪಗಾರ ಕೊಡ್ತಾರ?"

ಕೊಡುತ್ತಾರೆ. ಆದರೆ ಹುಡುಗಿ ಅಲ್ಲಿಗೆ ಹೋಗಿ ಮುಟ್ಟಿದ ದಾರಿ ಮಾತ್ರ ವಿಚಿತ್ರ. ಹೇಳುತ್ತೇನೆ, ಕೇಳಿ.

ಎಂಟನೇ ತರಗತಿಯಲ್ಲೇ ಮೃದುಲಾ ಹೆಡ್‌ಮಾಸ್ತರರಿಗಿಂತ ಎತ್ತರವಿದ್ದಳು. ಊರು ಅವಳನ್ನು 'ಲೈಟಿನ ಕಂಬ' ಎಂದು ಕರೆಯಿತು. ಬಸ್ಸಿನಲ್ಲಿ ಗುರುತಿಲ್ಲದವರು ಕೂಡ "ಏನ್ ತಿನಸ್ತೀರಿ ಹುಡುಗಿಗೆ?" ಎನ್ನುವರು. ಗ್ರೂಪ್ ಫೋಟೊದಲ್ಲಿ ಹಿಂದಿನ ಸಾಲಿನಲ್ಲಿ ನಿಂತರೂ ಮೊಳಕಾಲು ಬಗ್ಗಿಸುತ್ತಿದ್ದಳು. ಎತ್ತರದ ಹುಡುಗಿಯರಿಗೆ ಯಾರೂ ಕಲಿಸದೆ ಬರುವ ವಿದ್ಯೆ ಅದು.

ಆ ವರ್ಷ ಶಾಲೆಗೆ ಮುದ್ದೇಬಿಹಾಳದಿಂದ ಶಕೀಲಾ ಟೀಚರ್ ವರ್ಗವಾಗಿ ಬಂದರು. ಪಿ.ಟಿ. ಟೀಚರ್. ಪ್ರಾರ್ಥನೆಯ ಸಾಲಿನಲ್ಲಿ ಕುಗ್ಗಿ ನಿಂತವಳನ್ನು ನೋಡಿ ಅವರು ಹೇಳಿದ್ದಿಷ್ಟು: "ಏ ಹುಡುಗಿ, ಬೆನ್ನ ನೆಟ್ಟಗ ಮಾಡು. ಸಂಜೀಕ ಗ್ರೌಂಡಿಗೆ ಬಾ."

ಬಾಸ್ಕೆಟ್‌ಬಾಲ್ ಎಂದರೆ ಚೆಂಡು ಪುಟಿಸುತ್ತ ಓಡುವ ಆಟ. ನಮ್ಮ ಎರೆಮಣ್ಣಿನಲ್ಲಿ ಚೆಂಡು ಪುಟಿಯುತ್ತದೆಯೇ? ಬೇಸಿಗೆಯಲ್ಲಿ ಬಿರುಕು, ಮಳೆಗಾಲದಲ್ಲಿ ಅಂಟು. ಶಕೀಲಾ ಟೀಚರ್ ಸರಳವಾದ ಉಪಾಯ ಕಂಡುಕೊಂಡರು. "ನೀ ಓಡಬ್ಯಾಡ, ಪುಟಸಬ್ಯಾಡ. ರಿಂಗಿನ ಬುಡಕ ನಿಂದ್ರು. ಚೆಂಡ ಬಂತಂದ್ರ ಹಿಡಿ, ಒಳಗ ಹಾಕು."

ಅಷ್ಟೇ! ಅಷ್ಟರಲ್ಲೇ ತಾಂಬಾದ ಹುಡುಗಿಯರು ಇಂಡಿಯಲ್ಲಿ ಗೆದ್ದರು, ಸಿಂದಗಿಯಲ್ಲಿ ಗೆದ್ದರು. ಬಸವನ ಬಾಗೇವಾಡಿಯ ಮ್ಯಾಚ್‌ನಲ್ಲಿ ಎದುರಾಳಿ ತಂಡದ ಪುಟ್ಟ ಹುಡುಗಿಯೊಬ್ಬಳು ಆಟದ ನಡುವೆಯೇ ಮೃದುಲಾಗೆ ಕೈಮುಗಿದು, "ಅಕ್ಕಾ, ಸ್ವಲ್ಪ ಸರೀರಿ, ನಮಗೂ ರಿಂಗ್ ಕಾಣ್ಲಿ" ಎಂದಳಂತೆ. ಗೆದ್ದು ವಾಪಸ್ ಬರುವಾಗ ಮನಗೂಳಿಯಲ್ಲಿ ಬಸ್ಸು ನಿಂತಿತು. ಇಡೀ ತಂಡ ಗೆದ್ದ ಕಪ್ಪಿನಲ್ಲೇ ಕಬ್ಬಿನ ಹಾಲು ಹಾಕಿಸಿಕೊಂಡು ಕುಡಿಯಿತು.

ಮೃದುಲಾ ಮೊಳಕಾಲು ಬಗ್ಗಿಸುವುದನ್ನು ಬಿಟ್ಟಳು.

ಎಸ್ಸೆಸ್ಸೆಲ್ಸಿ ಮುಗಿಯುತ್ತಿದ್ದಂತೆ ಮೈಸೂರಿನ ಒಂದು ಕ್ರೀಡಾ ಹಾಸ್ಟೆಲ್‌ಗೆ ಆಯ್ಕೆಯಾದಳು. ಬಿಟ್ಟು ಬರಲು ಅಣ್ಣ ಮತ್ತು ನಾನು ಹೋದೆವು. ಗೇಟಿನಲ್ಲೇ ಒಬ್ಬ ಹುಡುಗಿ ಎದುರಾದಳು. ಅವಳ ಮುಖ ನೋಡಲು ಮೃದುಲಾ ಕತ್ತೆತ್ತಬೇಕಾಯಿತು. ನಮ್ಮ ಹುಡುಗಿ ಹುಟ್ಟಿದ ಮೇಲೆ ಮೊದಲ ಬಾರಿಗೆ ಪಿಸುಗುಟ್ಟಿದಳು: "ಅತ್ತಿ, ಇಕಿ ಟೀಚರೇನ?"

ಅಲ್ಲ. ಅವಳ ಹೆಸರು ಅನನ್ಯಾ. ಮೃದುಲಾಳ ರೂಮ್‌ಮೇಟ್. ಅವಳೂ ಪಿಯುಸಿ ಮೊದಲ ವರ್ಷ. ಅವಳ ಹಿಂದಿನಿಂದ ಬಂದವಳು ಇನ್ನೂ ಎತ್ತರ!

ಆ ವಾರ ಮುಗಿಯುವುದರೊಳಗೆ ಲೈಟಿನ ಕಂಬಕ್ಕೆ ಹೊಸ ಹೆಸರು ಬಿತ್ತು. ಕುಳ್ಳಿ. ನಮ್ಮ ಕಡೆಯ ಮಾತಿನಲ್ಲಿ, ಗಿಡ್ಡಿ.

ನಗಬೇಡಿ. (ನಾನು ನಕ್ಕೆ, ಅದು ಬೇರೆ.) ರಿಂಗಿನ ಬುಡದಲ್ಲಿ ನಿಂತರೆ ಚೆಂಡು ಅವಳ ತಲೆಯ ಮೇಲಿಂದಲೇ ಹೋಗಿಬಿಡುತ್ತಿತ್ತು. ಹಿಡಿದರೂ ಎತ್ತುವಷ್ಟರಲ್ಲಿ ಯಾರದೋ ಕೈ ಬಂದು ಹೊಡೆದು ಹಾಕುತ್ತಿತ್ತು. ಪುಟಿಸಲು ಬಾರದು. ಓಡುತ್ತ ಹಿಡಿಯಲು ಬಾರದು. ತನಗೆ ಆಟ ಬರುತ್ತದೆ ಎಂದುಕೊಂಡಿದ್ದವಳಿಗೆ, ತನ್ನಲ್ಲಿ ಇದ್ದದ್ದು ಎತ್ತರವೊಂದೇ ಎಂದು ಗೊತ್ತಾದರೆ ಹೇಗಿರಬೇಡ?

ಅದರ ಮೇಲೆ ಮಾತಿನ ಫಜೀತಿ. ಒಂದು ದಿನ ಫೋನ್ ಮಾಡಿದಳು. "ಅತ್ತಿ, ಊಟಕ್ಕ ಕುಂತಾಗ ಅನನ್ಯಾಗ 'ಉಪ್ಪ ಕೊಡ' ಅಂದೆ. ಅಕಿ ಅಳಾಕತ್ತಿದಳು. ಯಾಕ ಅಂತ ಕೇಳಿದ್ರ ಇನ್ನೂ ಜೋರ ಅತ್ತಳು. ನಾ ಬೈದ್ನಿ ಅಂತ ಎಲ್ಲಾರೂ ಅಂದ್ರು."

"ಮತ್ತ ಏನ್ ಮಾಡಿದಿ?"

"ಮಾತಾಡೂದ ಬಿಟ್ಟೇನಿ."

ಇದನ್ನು ಎಷ್ಟು ಮೆತ್ತಗೆ ಹೇಳಿದಳೆಂದರೆ, ನನಗೆ ಫೋನ್ ಕೆಟ್ಟಿದೆ ಅನ್ನಿಸಿತು. ಆಟ ಹೋದರೆ ಮತ್ತೊಂದು ಕಲಿಯಬಹುದು. ನಮ್ಮ ಹುಡುಗಿ ದನಿಯನ್ನೂ ಕಳೆದುಕೊಂಡರೆ? ಅಂದು ನನಗೆ ನಿಜಕ್ಕೂ ಹೆದರಿಕೆಯಾಯಿತು.

ಮೊದಲ ವರ್ಷದ ಕೊನೆಗೆ ಹಾಸ್ಟೆಲ್‌ನ ಕೋಚ್ ಮೇಡಂ ಅಣ್ಣನಿಗೆ ಫೋನ್ ಮಾಡಿದರು. "ನೋಡಿ ಸರ್, ನಿಮ್ಮ ಮಗಳು ಒಳ್ಳೆಯವಳು. ಆದರೆ ಈ ಎತ್ತರಕ್ಕೆ ರಿಂಗ್ ಕೆಳಗೆ ಆಡೋಕ್ಕಾಗಲ್ಲ. ಬೇರೆ ಜಾಗದಲ್ಲಿ ಆಡೋಕೆ ಅವಳಿಗೆ ಬರಲ್ಲ. ಒಂದ್ಸಲ ಬಂದು ಹೋಗಿ." ಅಂದರೆ, ಬಂದು ಕರೆದುಕೊಂಡು ಹೋಗಿ.

ಹೋದೆವು, ಮತ್ತೆ ನಾವಿಬ್ಬರೇ. ನಾವು ತಲುಪಿದಾಗ ಬೆಳಗಿನ ಪ್ರಾಕ್ಟೀಸ್ ಮ್ಯಾಚ್ ನಡೆದಿತ್ತು. ಮೃದುಲಾ ಕೋರ್ಟಿನ ಅಂಚಿನ ಬೆಂಚಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ಕಟ್ಟಿಟ್ಟ ಬ್ಯಾಗು. ಅಣ್ಣ ಅವಳ ತಲೆ ಸವರಿ ಹೇಳಿದ: "ನಡಿಯವ್ವ ಮನಿಗೆ. ಸಿಂದಗ್ಯಾಗೂ ಕಾಲೇಜ್ ಐತಿ. ಅತ್ತಿ ಮನ್ಯಾಗ ಇದ್ದು ಓದೀಯಂತ."

ಅವಳ ಕಣ್ಣು ಕೋರ್ಟಿನ ಮೇಲಿತ್ತು. ಅಲ್ಲಿ ಅನನ್ಯಾ ರಿಂಗಿನ ಎಡಕ್ಕೆ ಒಬ್ಬಳೇ ನಿಂತಿದ್ದಳು. ಅಡ್ಡ ಯಾರೂ ಇಲ್ಲ. ಚೆಂಡು ಹಿಡಿದವಳು ಮಾತ್ರ ಬಲಕ್ಕೇ ನೋಡುತ್ತಿದ್ದಾಳೆ. ಅನನ್ಯಾ ಕೈ ಎತ್ತಿದಳು. ಕೂಗಲಿಲ್ಲ. (ಅವರ ಊರಿನಲ್ಲಿ ಕೂಗುವುದಿಲ್ಲ.)

ಮೃದುಲಾ ಧಡಕ್ಕನೆ ಎದ್ದಳು.

"ಏ! ಎಡಕ್ಕ ನೋಡ! ಅನನ್ಯಾಗ ಕೊಡ! ಕೊಡ ಅಂತೇನಲ್ಲ!"

ಇಡೀ ಹಾಲ್ ಗುಂಯ್ ಎಂದಿತು. ಚೆಂಡು ಹಿಡಿದಿದ್ದ ಹುಡುಗಿ ಬೆಚ್ಚಿಬಿದ್ದು ಎಡಕ್ಕೆ ಎಸೆದಳು. ಅನನ್ಯಾ ಹಿಡಿದಳು, ಹಾಕಿದಳು. ಬಾಸ್ಕೆಟ್!

ಕೋಚ್ ಮೇಡಂ ಸೀಟಿ ಊದಿ ಆಟ ನಿಲ್ಲಿಸಿದರು. "ಯಾರದು ಕೂಗಿದ್ದು?"

"ನಾನ್ರಿ ಮೇಡಂ. ತಪ್ಪಾತ್ರಿ."

"ತಪ್ಪಲ್ಲ. ಒಂದು ವರ್ಷದಿಂದ ಈ ಗಂಟಲನ್ನ ಎಲ್ಲಿಟ್ಟಿದ್ದೆ?"

ಅನನ್ಯಾಳೇ ಮುಂದೆ ಬಂದು, "ನಾವೇ ಮುಚ್ಚಿಸಿದ್ವಿ ಮೇಡಂ" ಎಂದಳು. ಒಳ್ಳೆಯ ಹುಡುಗಿ.

ಮೇಡಂ ಆಮೇಲೆ ನಮಗೆ ವಿವರಿಸಿದರು. ತಂಡದಲ್ಲಿ ಪಾಯಿಂಟ್ ಗಾರ್ಡ್ ಎಂದು ಒಬ್ಬಳಿರುತ್ತಾಳೆ. ಚೆಂಡನ್ನು ಮುಂದಕ್ಕೆ ತರುವವಳು, ಯಾರು ಎಲ್ಲಿ ನಿಲ್ಲಬೇಕು, ಯಾರಿಗೆ ಚೆಂಡು ಹೋಗಬೇಕು ಎಂದು ಹೇಳುವವಳು. ಅವಳಿಗೆ ಎತ್ತರಕ್ಕಿಂತ ಕಣ್ಣು ಬೇಕು, ಬಾಯಿ ಬೇಕು. "ಕಣ್ಣೂ ಇದೆ, ಬಾಯೂ ಇದೆ. ಚೆಂಡು ಪುಟಿಸೋದು ನಾನು ಕಲಿಸ್ತೀನಿ. ಬ್ಯಾಗ್ ಒಳಗಿಡಿ ಸರ್."

ಅಣ್ಣ ಮಗಳ ಕಡೆ ನೋಡಿದ. "ಏನಂತಿ?"

"ನೀವ ಹೋಗ್ರಿ" ಎಂದಳು. ಪೂರ್ತಿ ದನಿಯಲ್ಲಿ.

ಮುಂದಿನದೆಲ್ಲ ಸಲೀಸಾಯಿತು ಎಂದುಕೊಳ್ಳಬೇಡಿ. ಹಾಸ್ಟೆಲ್‌ನಲ್ಲಿ ಅವಳು ಊಟಕ್ಕೂ ಚೆಂಡು ಪುಟಿಸುತ್ತಲೇ ಹೋಗುತ್ತಿದ್ದಳು. ಕೆಳಗಿನ ಮಹಡಿಯವರು ದೂರು ಕೊಟ್ಟರು. ಮೊಳಕೈ, ಮೊಳಕಾಲು ಎಲ್ಲ ತರಚಿದವು. ಅನನ್ಯಾ ದಿನಾ ಎದುರಿಗೆ ನಿಂತು ಚೆಂಡು ಕಸಿಯುವಳು, ಇವಳು ದಿನಾ ಕಳೆದುಕೊಳ್ಳುವಳು. ಕಸಿಯಲು ಆಗದ ದಿನವೂ ಕೊನೆಗೆ ಬಂತು. ಅಂದು ಅನನ್ಯಾ ಇವಳಿಗೆ ಮಸಾಲೆ ದೋಸೆ ಕೊಡಿಸಿದಳು.

ಬದಲಿಗೆ ನಮ್ಮ ಹುಡುಗಿ ತಂಡಕ್ಕೆ ಭಾಷೆ ಕಲಿಸಿದಳು. "ನಿಂದ್ರ", ಅಂದರೆ ನಿಲ್ಲು. "ಸರಿ", ಒಪ್ಪಿಗೆಯ ಸರಿಯಲ್ಲ, ಪಕ್ಕಕ್ಕೆ ಸರಿಯುವ ಸರಿ. ಮತ್ತು "ಹೊಳ್ಳ". ಈ ಕೊನೆಯದಂತೂ ಚೆಂಡಿಗಾಗಿಯೇ ಹುಟ್ಟಿದ ಮಾತು. ಹಿಂದಕ್ಕೆ ತಿರುಗು ಎಂದು ಹೇಳಿ ಮುಗಿಸುವಷ್ಟರಲ್ಲಿ ಚೆಂಡು ಹೋಗಿಬಿಟ್ಟಿರುತ್ತದೆ. "ಹೊಳ್ಳ!" ಎಂದರೆ ಆಯಿತು. ಎದುರಾಳಿಗಳಿಗೆ ಒಂದಕ್ಷರವೂ ತಿಳಿಯುತ್ತಿರಲಿಲ್ಲ. (ಬೇರೆ ರಾಜ್ಯದವರಿಗೆ ಮಾತ್ರವಲ್ಲ, ಮಂಡ್ಯದವರಿಗೂ!)

ಡಿಗ್ರಿ ಓದುವಾಗ ರಾಜ್ಯ ತಂಡಕ್ಕೆ ಆಡಿದಳು. ಲೀಗ್‌ನ ಟ್ರಯಲ್ಸ್‌ಗೆ ಹೋದಳು. ಮೊದಲ ಸಲ ಆಯ್ಕೆಯಾಗಲಿಲ್ಲ. ಊರಿಗೆ ಬಂದು ಮುಖ ಊದಿಸಿಕೊಂಡು ಕೂತಾಗ ಶಕೀಲಾ ಟೀಚರ್ ಮನೆಗೇ ಬಂದರು. "ಬೆನ್ನ ನೆಟ್ಟಗೈತಿಲ್ಲ ಇನ್ನೂ? ಹಂಗಾದ್ರ ಮತ್ತ ಹೋಗು" ಎಂದು ಚಹಾ ಕುಡಿದು ಎದ್ದರು. ಮರುವರ್ಷ ಆಯ್ಕೆಯಾದಳು. ಹೋದ ಮೊದಲ ವಾರವೇ ಹೊಸ ತಂಡಕ್ಕೂ ಆ ಮೂರು ಮಾತು ಕಲಿಸಿದಳು.

ಈಗ ಪುಣೆಗೆ ಬನ್ನಿ.

ಮ್ಯಾಚ್‌ನ ಬಹುಭಾಗ ಮೃದುಲಾ ಬೆಂಚಿನ ಮೇಲೆಯೇ ಕಳೆದಳು. ಅಣ್ಣ ಚಡಪಡಿಸಿದ. ಆಟ ಇನ್ನೇನು ಮುಗಿಯಬೇಕು, ಅವಳ ತಂಡ ಹಿಂದಿದೆ, ಆಗ ಮುಖ್ಯ ಗಾರ್ಡ್‌ಗೆ ಐದನೇ ಫೌಲ್ ಆಯಿತು. ಐದಾದರೆ ಹೊರಗೆ ಹೋಗಲೇಬೇಕು. ಕೋಚ್ ಬೆಂಚಿನ ಕಡೆ ಕೈ ಮಾಡಿದರು. ಮೃದುಲಾ ಎದ್ದಳು.

ಮೊದಲ ಚೆಂಡು ಕೈಗೆ ಬಂತು. ಕಳೆದುಕೊಂಡಳು! ಎದುರಾಳಿ ಕಸಿದುಕೊಂಡು ಹೋಗಿ ಬಾಸ್ಕೆಟ್ ಹಾಕಿದಳು. ಅಣ್ಣ ನನ್ನ ಕೈ ಹಿಡಿದುಕೊಂಡ. ಮಾತೇ ಇಲ್ಲ. (ಮುಂದಿನ ಸಾಲಿನ ದಂಪತಿ ಈ ಸಲ ಗಾಬರಿಯಿಂದ ತಿರುಗಿ ನೋಡಿದರು.)

ಎರಡನೆಯ ಚೆಂಡನ್ನು ತಂದವಳು ಒಂದು ಗಳಿಗೆ ನಿಂತಳು. ಸುತ್ತ ನೋಡಿದಳು. ಆಮೇಲೆ ಶುರುವಾಯಿತು ನೋಡಿ, ನಮ್ಮ ತೋಟದ ದನಿ. "ಸರಿ! ನಿಂದ್ರ! ಹೊಳ್ಳ, ಹೊಳ್ಳ!" ಅಷ್ಟು ಗದ್ದಲದ ಸ್ಟೇಡಿಯಂನಲ್ಲಿ ಕೇಳಿಸುತ್ತಿದ್ದುದು ಅದೊಂದೇ. ಅವಳ ತಂಡದ ಹರಿಯಾಣದ ಹುಡುಗಿ ಹೊಳ್ಳಿದಳು, ಚೆಂಡು ಸರಿಯಾಗಿ ಕೈಗೆ ಬಂದಿತ್ತು, ಹಾಕಿದಳು. ಮುಂದಿನ ಸಲ ಕೇರಳದವಳು. ಮತ್ತೆ ಹರಿಯಾಣದವಳು. ಕೊನೆಗೆ ಹರಿಯಾಣದವಳೇ ಕೇರಳದವಳಿಗೆ "ಹೊಳ್ಳ!" ಎಂದು ಕೂಗಿದಾಗ ನಾನು ಕುರ್ಚಿಯ ಮೇಲೆ ಹತ್ತಿ ನಿಂತಿದ್ದೆ.

ಗೆದ್ದರು. ಸ್ವಲ್ಪದರಲ್ಲೇ, ಆದರೂ ಗೆದ್ದರು!

ಹೊರಗೆ ಬಂದು ನಿಂತೆವು. ಬೆವರಿನಲ್ಲಿ ತೊಯ್ದ ಮೃದುಲಾ ಓಡಿ ಬಂದು ಅಪ್ಪನ ಕಾಲಿಗೆ ಬಿದ್ದಳು, ನನ್ನನ್ನು ಎತ್ತಿಯೇ ಬಿಟ್ಟಳು. ಅಣ್ಣನಿಗೆ ಖುಷಿ, ಆದರೂ ಏನೋ ಕೊರೆಯುತ್ತಿತ್ತು. ತಡೆಯಲಾಗಲಿಲ್ಲ.

"ಎಲ್ಲಾ ಬರೋಬರಿ ಆತವ್ವ. ಆದ್ರ ನೀ ಒಂದೂ ಹಾಕಲಿಲ್ಲಲ್ಲ?"

ನಿಜ. ಮೊದಲ ವೃತ್ತಿಪರ ಮ್ಯಾಚ್‌ನಲ್ಲಿ ಅವಳ ಹೆಸರಿನ ಮುಂದೆ ಒಂದೂ ಬಾಸ್ಕೆಟ್ ಇರಲಿಲ್ಲ.

ಮೃದುಲಾ ನಕ್ಕಳು. "ಹಾಕಲಿಲ್ಲ ಅಪ್ಪಾ. ಹಾಕಿಸಿದೆ."

ಅಣ್ಣ ಜೇಬಿನಿಂದ ಫೋನ್ ತೆಗೆದು ವೈನಿಗೆ ಹಚ್ಚಿದ. ಲಿಂಬೆ ಕೊಯ್ಲಿನ ದಿನಗಳು. ಯಾರಾದರೊಬ್ಬರು ತೋಟದಲ್ಲಿ ಇರಲೇಬೇಕು. ಇಂಡಿ, ಬಾಗೇವಾಡಿ, ಮೈಸೂರು, ಪುಣೆ ಎಂದು ಅಣ್ಣ ಮಗಳ ಹಿಂದೆ ತಿರುಗಾಡಿದ ಅಷ್ಟೂ ವರ್ಷ ಹಾಗೆ ಉಳಿದವರು ವೈನಿಯೇ. ಮಗಳ ಒಂದು ಮ್ಯಾಚನ್ನೂ ಅವರು ಎದುರಿಗೆ ಕೂತು ನೋಡಿಲ್ಲ.

"ಏ, ಕೇಳಿಲ್ಲಿ. ಮುಂದಿನ ಮ್ಯಾಚಿಗೆ ನೀ ಹೋಗು. ತ್ವಾಟ ನಾ ನೋಡ್ಕೋತೇನಿ" ಎಂದ. ಜೀವಮಾನದಲ್ಲಿ ಮೊದಲ ಸಲ, ಮೆತ್ತಗೆ.

ಆ ಕಡೆಯಿಂದ ವೈನಿಯ ದನಿ ಮಾತ್ರ ಪುಣೆಯ ರಸ್ತೆಗೆಲ್ಲ ಕೇಳಿಸಿತು: "ಯಾರ್ರೀ ಮಾತಾಡಾಕತ್ತೀರಿ? ನಮ್ಮ ಮನ್ಯಾವ್ರ ಕಡೆ ಫೋನ್ ಕೊಡ್ರಿ!"

ಅಂದಹಾಗೆ, ನಿಮ್ಮ ಮನೆಯಲ್ಲಿ ಹಾಕಿಸುವವರು ಯಾರು?