ಬಾಪ್ಪುವಿನ ಆಂಪು, ನನ್ನ ಪೆಟ್ಟಿಗೆ

ಗಿಟಾರಿನ ದಪ್ಪ ತಂತಿಯನ್ನು ಮೀಟಿದಾಗಲೆಲ್ಲ ಬಾಪ್ಪುವಿನ ಪ್ಯಾಂಟು ಅದುರುತ್ತಿತ್ತು. ಬಲಗಾಲಿನ ಹಿಂಬದಿ, ಮೊಣಕಾಲಿನಿಂದ ಕೆಳಗೆ, ಗಾಳಿಗೆ ಸಿಕ್ಕ ಪರದೆಯ ಹಾಗೆ. ತನ್ನ ಆಂಪಿಗೆ, ಅಂದರೆ ಗಿಟಾರಿನ ದನಿ ಹೊಮ್ಮಿಸುವ ಆಂಪ್ಲಿಫೈಯರ್ ಪೆಟ್ಟಿಗೆಗೆ, ಅಷ್ಟು ಅಂಟಿಕೊಂಡು ನಿಲ್ಲುವ ಗಿಟಾರಿಸ್ಟನನ್ನು ನಾನು ಬೇರೆಲ್ಲೂ ನೋಡಿಲ್ಲ. ಹುಡುಗರೆಲ್ಲ ಕಾಲಿಗೆ ಮೆತ್ತಿದಂಥ ಪ್ಯಾಂಟು ಹೊಲಿಸುತ್ತಿದ್ದಾಗಲೂ ಅವರದು ಮಾತ್ರ ಸಡಿಲವಾದ ಪ್ಯಾಂಟು, ತಾವೇ ಹೊಲಿದುಕೊಂಡದ್ದು. ಯಾಕೆ ಎಂದು ಕೇಳಿದರೆ, "ಗಾಳಿ ಆಡಬೇಕಲ್ಲ ಮಾರಾಯ್ತಿ" ಎನ್ನುತ್ತಿದ್ದರು. ನಮ್ಮೂರಿನ ಸೆಖೆಗೆ ಹಾಗೆ ಹೇಳುತ್ತಾರೆ ಎಂದುಕೊಂಡಿದ್ದೆ.

ಕೊಂಕಣಿಯಲ್ಲಿ ಬಾಪ್ಪು ಎಂದರೆ ಚಿಕ್ಕಪ್ಪ. ನಮ್ಮ ಮದುವೆ ಬ್ಯಾಂಡಿನ ಡ್ರಮ್ಮರ್‌ಗೆ ಅವರು ನಿಜವಾದ ಬಾಪ್ಪು, ಉಳಿದವರಿಗೆ ಕರೆದು ಕರೆದು ಆದ ಬಾಪ್ಪು. ಕಾಪು ಪೇಟೆಯ ಹಳೆಯ ಹಂಚಿನ ಕಟ್ಟಡದಲ್ಲಿ ಅವರ ಟೈಲರ್ ಅಂಗಡಿ. ಕ್ರೈಸ್ತರ ಮದುವೆಗೆ ಮದುಮಗನ ಸೂಟು ಹೊಲಿಯುವುದರಲ್ಲಿ ಅವರಿಗೆ ಶಿರ್ವದವರೆಗೂ ಹೆಸರು. ತಾವೇ ಸೂಟು ಹೊಲಿದುಕೊಟ್ಟ ಮದುಮಗನ ರಿಸೆಪ್ಷನ್ನಿಗೆ ತಾವೇ ಗಿಟಾರು ಹಿಡಿದು ಹೋಗುತ್ತಿದ್ದರು. ಆತ ಕೈ ಎತ್ತಿ ಕೇಕು ತಿನ್ನಿಸುವಾಗ ಇವರ ಕಣ್ಣು ಕೇಕಿನ ಮೇಲಲ್ಲ, ಕೋಟಿನ ಹೆಗಲಿನ ಮೇಲೆ. "ನೋಡು, ಹೆಗಲು ಎದ್ದೇಳಲಿಲ್ಲ" ಎಂದು ನನಗೆ ಹೇಳಿ ಮುಂದಿನ ಹಾಡಿಗೆ ಕೈ ಹಾಕುತ್ತಿದ್ದರು.

ನಾನು ಅವರಿಗೆ ಪರಿಚಯವಾದದ್ದೂ ಒಂದು ಕೋಟಿನಿಂದಲೇ. ನಮ್ಮಪ್ಪ ಬಾಗಲಕೋಟೆ ಕಡೆಯಿಂದ ಗಾರೆ ಕೆಲಸಕ್ಕೆಂದು ಮಣಿಪಾಲಕ್ಕೆ ಬಂದವರು. ನಾನು ಇಲ್ಲಿಯೇ ಓದಿ, ಕಣ್ಣು ಪರೀಕ್ಷೆಯ ಕೋರ್ಸು ಮುಗಿಸಿ, ಈಗ ಮಣಿಪಾಲದ ಒಂದು ಕನ್ನಡಕದ ಅಂಗಡಿಯಲ್ಲಿದ್ದೇನೆ. ಆ ಕೆಲಸದ ಸಂದರ್ಶನಕ್ಕೆ ಕೋಟು ಹೊಲಿಸಲು ಹೋದಾಗ ಬಾಪ್ಪು ತೋಳಿನ ಅಳತೆಗೆ ನನ್ನ ಎಡಗೈ ಹಿಡಿದರು, ಬೆರಳ ತುದಿಗಳನ್ನು ಸವರಿ ನೋಡಿದರು.

"ಗಿಟಾರಾ?"

"ಹೌದು. ಸುಮ್ಮನೆ, ಮನೆಯಲ್ಲಿ."

"ಸುಮ್ಮನೆ ನುಡಿಸಿದವರ ಬೆರಳು ಹೀಗೆ ಗಟ್ಟಿ ಆಗುವುದಿಲ್ಲ ಬಾಯೆ. ಭಾನುವಾರ ಬಾ. ಮೇಲೆ ಪ್ರಾಕ್ಟೀಸ್ ಉಂಟು." ಬಾಯೆ ಎಂದರೆ ಕೊಂಕಣಿಯಲ್ಲಿ ಮಗಳೇ ಎಂದ ಹಾಗೆ.

ಅಂಗಡಿಯ ಮೇಲೆ ಹಲಗೆ ಹಾಸಿದ ಒಂದು ಮಹಡಿ. ಅಲ್ಲಿಯೇ ಬ್ಯಾಂಡಿನ ಅಭ್ಯಾಸ. ಮದುವೆ ಬ್ಯಾಂಡಿನಲ್ಲಿ ಹುಡುಗಿ ಗಿಟಾರು ನುಡಿಸುವುದಾ ಎಂದು ಬ್ಯಾಂಡಿನ ಯಜಮಾನರು, ಅಂದರೆ ಕೀಬೋರ್ಡಿನವರು, ರಾಗ ಎಳೆದಾಗ ಬಾಪ್ಪು, "ಅವಳು ನನ್ನ ಬದಿಯಲ್ಲಿ ನಿಲ್ಲುತ್ತಾಳೆ, ನಿನ್ನ ಬದಿಯಲ್ಲಿ ಅಲ್ಲ" ಎಂದು ಮಾತು ಮುಗಿಸಿದರು. ನನಗೆ ಅವರು ಕಲಿಸಿದ್ದಕ್ಕಿಂತ ಬೈದದ್ದೇ ಹೆಚ್ಚು. ನನಗೊಂದು ಕೆಟ್ಟ ಚಾಳಿಯಿತ್ತು, ಹಾಡಿನ ಮಧ್ಯೆ ತಾಳಕ್ಕಿಂತ ಮುಂದೆ ಓಡುವುದು. "ಎಲ್ಲಿಗೆ ಓಡುವುದು ನೀನು? ಬಸ್ಸು ಉಂಟಾ?" ಎನ್ನುತ್ತಿದ್ದರು. ಪ್ರತಿ ಸಲವೂ ಇಡೀ ಬ್ಯಾಂಡು ನಗುತ್ತಿತ್ತು. ನನಗೆ ಉರಿಯುತ್ತಿತ್ತು.

ಅವರ ಆಂಪಿನ ಬಗ್ಗೆ ಹೇಳದಿದ್ದರೆ ಅವರ ಬಗ್ಗೆ ಹೇಳಿದಂತಾಗುವುದಿಲ್ಲ. ಗಲ್ಫಿನಲ್ಲಿ ಹೊಲಿಗೆ ಕೆಲಸದಲ್ಲಿದ್ದಾಗ ಕೊಂಡು, ವಾಪಸಾಗುವಾಗ ಬಟ್ಟೆಬರೆ ಬಿಟ್ಟು ಹೊತ್ತುತಂದದ್ದು. ಒಳಗೆ ಹಳೆಯ ರೇಡಿಯೊದಲ್ಲಿ ಇರುತ್ತಿದ್ದಂಥ ಗಾಜಿನ ವಾಲ್ವುಗಳು. ಎತ್ತಲು ಇಬ್ಬರು ಬೇಕು. ಮಳೆಗಾಲದಲ್ಲಿ ಅದಕ್ಕೆ ಶೀತವಾಗಿ ಬುಸುಗುಡುತ್ತಿತ್ತು. ಆಗ ಅವರು ಇಸ್ತ್ರಿ ಪೆಟ್ಟಿಗೆಯ ಪಕ್ಕದಲ್ಲಿ ಅದನ್ನು ಕೂರಿಸಿ ಬೆಚ್ಚಗೆ ಮಾಡುತ್ತಿದ್ದರು.

ನಾನು ಮಾಡೆಲರ್ ತಂದ ದಿನದಿಂದ ಭಾನುವಾರಗಳ ಬಣ್ಣವೇ ಬದಲಾಯಿತು. ಮಾಡೆಲರ್ ಎಂದರೆ ಊಟದ ಡಬ್ಬಿಯಷ್ಟು ದೊಡ್ಡ ಡಿಜಿಟಲ್ ಪೆಟ್ಟಿಗೆ. ಕಾಲಿನಿಂದ ಒತ್ತಿದರೆ ಬೇಕಾದ ಆಂಪಿನ ದನಿಯನ್ನು ಅನುಕರಿಸಿ ನೇರ ಸಭಾಂಗಣದ ಸೌಂಡ್ ಸಿಸ್ಟಮ್ಮಿಗೆ ಕಳಿಸುತ್ತದೆ. ವೇದಿಕೆಯ ಮೇಲೆ ಆಂಪೇ ಬೇಡ. ನುಡಿಸುವವರು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ತಮ್ಮನ್ನು ತಾವು ಕೇಳಿಕೊಳ್ಳಬೇಕು.

"ಅನ್ನದ ಪರಿಮಳ ಬರುವ ಮಿಷಿನ್ ತಂದಿದ್ದಿ. ಅನ್ನ ಎಲ್ಲಿ?" ಎಂದರು ಬಾಪ್ಪು.

"ನಿಮ್ಮದು ಅನ್ನವೇ ಇರಬಹುದು, ಹಂಡೆ ಹೊರುವವರು ನಾವಲ್ವಾ?" ಎಂದೆ.

ಗೋಳಿಬಜೆಯ ತಟ್ಟೆ ಖಾಲಿಯಾದರೂ ವಾದ ಖಾಲಿಯಾಗುತ್ತಿರಲಿಲ್ಲ. ವಾಲ್ವು ಸುಟ್ಟರೆ ಉಡುಪಿಯಲ್ಲಿ ಎಲ್ಲಿ ಸಿಗುತ್ತದೆ ಎಂದು ನಾನು. ಕರೆಂಟು ಹೋಗಿ ಬಂದರೆ ನಿನ್ನ ಪೆಟ್ಟಿಗೆ ಎದ್ದು, ಮುಖ ತೊಳೆದು, ಚಾ ಕುಡಿದು ಬರುವಾಗ ಹಾಡು ಮುಗಿದಿರುತ್ತದೆ ಎಂದು ಅವರು. ಮೆಲ್ಲಗೆ ಇಟ್ಟರೆ ನಿಮ್ಮ ಆಂಪು ಹಾಡುವುದೇ ಇಲ್ಲ, ಜೋರು ಇಟ್ಟರೆ ಮದುಮಗಳ ಅಜ್ಜಿ ಎದ್ದು ಹೋಗುತ್ತಾರೆ ಎಂದು ನಾನು. ಅಜ್ಜಿಯನ್ನು ಮೊದಲೇ ಹಿಂದೆ ಕೂರಿಸಬೇಕಿತ್ತು ಎಂದು ಅವರು. ಡ್ರಮ್ಮರ್ ಯಾರು ಕೊನೆಗೆ ಮಾತನಾಡುತ್ತಾರೋ ಅವರ ಕಡೆ. ನಿಜ ಹೇಳಬೇಕೆಂದರೆ ಆ ಜಗಳಕ್ಕಾಗಿಯೇ ನಾನು ವಾರವಿಡೀ ಭಾನುವಾರವನ್ನು ಕಾಯುತ್ತಿದ್ದೆ.

ಆದರೆ ಒಂದು ವರ್ಷ ಜಗಳಕ್ಕೆ ಹಲ್ಲು ಬಂತು. ಮದುವೆ ಹಾಲ್‌ಗಳವರು ಒಬ್ಬೊಬ್ಬರಾಗಿ ವೇದಿಕೆಯ ಮೇಲೆ ಆಂಪು ಬೇಡ ಎನ್ನತೊಡಗಿದರು. ಆಂಪಿನ ಜೋರಿನಿಂದ ಟೋಸ್ಟ್ ಹೇಳಿ ಮದುಮಕ್ಕಳನ್ನು ಹಾರೈಸುವವರ ಮಾತು ಕೇಳುವುದಿಲ್ಲ ಎಂದು ದೂರು. ಈಸ್ಟರಿಗೆ ಮುಂಚಿನ ಉಪವಾಸದ ವಾರಗಳಲ್ಲಿ ಚರ್ಚುಗಳಲ್ಲಿ ಮದುವೆ ಇರುವುದಿಲ್ಲ, ಬ್ಯಾಂಡಿಗೆ ರಜೆ. ಆ ರಜೆಯ ಮೊದಲ ಭಾನುವಾರವೇ ಯಜಮಾನರು ಹೇಳಿಬಿಟ್ಟರು, ಈಸ್ಟರಿನ ನಂತರ ಎಲ್ಲರೂ ನೇರ ಸಿಸ್ಟಮ್ಮಿಗೆ, ಎಲ್ಲರಿಗೂ ಇಯರ್‌ಫೋನ್.

"ಹಾಗಾದರೆ ನಾನಿಲ್ಲ" ಎಂದರು ಬಾಪ್ಪು. ಸಿಟ್ಟಿನಿಂದಲ್ಲ, ಗಿರಾಕಿಗೆ ಬಟ್ಟೆ ಸಾಲದು ಎಂದು ತಿಳಿಸುವ ದನಿಯಲ್ಲಿ.

ಹಟ ಮುರಿಯಬೇಕು ಎಂದು ನನಗನ್ನಿಸಿತು. ಅವರಿಲ್ಲದ ಬ್ಯಾಂಡಿನಲ್ಲಿ ನನಗೇನೂ ಕೆಲಸವಿರಲಿಲ್ಲ. ನನ್ನ ಅಂಗಡಿಯಲ್ಲಿ ಗಾಜು ಬದಲಿಸಿ ಬದಲಿಸಿ "ಇದು ಚೆನ್ನಾಗಿದೆಯಾ, ಇದಾ?" ಎಂದು ಕೇಳುವುದೇ ನನ್ನ ದಿನದ ಕೆಲಸ. ಅದೇ ಪರೀಕ್ಷೆ ಅವರಿಗೂ ಇಟ್ಟೆ. ಅವರದೇ ಟ್ರಯಲ್ ರೂಮಿನ ಪರದೆ ತಂದು ಮಹಡಿಯಲ್ಲಿ ಕಟ್ಟಿ, ಹಿಂದೆ ನೆಲದ ಮೇಲೆ ಅವರ ಆಂಪು. ನನ್ನ ಪೆಟ್ಟಿಗೆಯ ದನಿ ಗೋಡೆಯ ಶೆಲ್ಫಿನಲ್ಲಿದ್ದ ಸ್ಪೀಕರಿನಿಂದ. ಎರಡೂ ಒಂದೇ ಜೋರು. ಅವರ ಆಂಪಿನ ದನಿಯನ್ನೇ ಪೆಟ್ಟಿಗೆಯಲ್ಲಿ ಹೋಲಿಸಿಟ್ಟಿದ್ದೆ. ನನ್ನ ಕಿವಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ.

ಬಾಪ್ಪು ಚಪ್ಪಲಿ ಬಿಟ್ಟು, ಪರದೆಗೆ ಬೆನ್ನು ಹಾಕಿ ನಿಂತರು. ನಾನು ನುಡಿಸಿದೆ. "ಇದು ನನ್ನದು." ಮತ್ತೆ ನುಡಿಸಿದೆ. "ಇದು ನಿನ್ನ ಡಬ್ಬಿ." ಎಷ್ಟು ಸಲ ನುಡಿಸಿದರೂ ಒಂದೂ ತಪ್ಪಲಿಲ್ಲ. ಡ್ರಮ್ಮರ್ ಚಪ್ಪಾಳೆ ಹೊಡೆದ. ಯಜಮಾನರು ಮುಖ ಸಣ್ಣದು ಮಾಡಿದರು.

ನನ್ನಲ್ಲಿಗೆ ಕೆಲವರು ಕಣ್ಣು ಪರೀಕ್ಷೆಯ ಅಕ್ಷರದ ಹಲಗೆಯನ್ನು ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ಬಸ್ಸು ಓಡಿಸುವವರು, ಕೆಲಸ ಹೋದೀತೆಂದು ಹೆದರಿದವರು. ಅವರು ತಡವರಿಸುವುದೇ ಇಲ್ಲ, ಅದೇ ಅವರ ಗುರುತು. ಬಾಪ್ಪುವೂ ತಡವರಿಸಲಿಲ್ಲ. ನಾನು ಅವರ ಪಾದ ನೋಡಿದೆ. ಹತ್ತು ಬೆರಳೂ ಹಲಗೆಯನ್ನು ಹಿಡಿದುಕೊಂಡಿದ್ದವು.

"ಬಾಪ್ಪು, ಒಮ್ಮೆ ಮೇಜಿನ ಮೇಲೆ ಕೂತುಕೊಳ್ಳಿ" ಎಂದು ಅವರ ಎದುರಿಗೆ ಹೋಗಿ ಹೇಳಿದೆ. ಮೂಲೆಯಲ್ಲಿದ್ದದ್ದು ಬಟ್ಟೆ ಕತ್ತರಿಸುವ ಎತ್ತರದ ಮೇಜು. ಅವರು ಹತ್ತಿ, ಮೊದಲಿನ ಹಾಗೆಯೇ ಪರದೆಗೆ ಬೆನ್ನು ಹಾಕಿ ಕೂತರು. ಕಾಲು ನೇತಾಡುತ್ತಿತ್ತು. ನಾನು ಅವರದೇ ಆಂಪಿನಲ್ಲಿ, ಮೇಲಿನ ಸ್ವರಗಳಲ್ಲಿ, ಮೆಲ್ಲಗೆ ಒಂದು ಚರಣ ಪೂರ್ತಿ ನುಡಿಸಿ ನಿಲ್ಲಿಸಿದೆ.

"ಹ್ಞಾಂ, ಇನ್ನು ಶುರು ಮಾಡು" ಎಂದರು ಬಾಪ್ಪು.

ಯಜಮಾನರು ಚಾ ಹೇಳಿ ಬರುತ್ತೇನೆಂದು ಕೆಳಗಿಳಿದು ಹೋದರು. ಅಂಗಡಿಯಲ್ಲಿ ಅವರು ಯಾಕೆ ಯಾವಾಗಲೂ ಕನ್ನಡಿಗೆ ಎದುರಾಗಿ ನಿಂತು ನಮ್ಮ ಬಾಯಿ ನೋಡುತ್ತಿದ್ದರು, ವೇದಿಕೆಯಲ್ಲಿ ಯಾಕೆ ಆಂಪಿಗೆ ಅಂಟಿಕೊಂಡಿದ್ದರು, ಪ್ಯಾಂಟಿನಲ್ಲಿ ಯಾವ ಗಾಳಿ ಆಡಬೇಕಿತ್ತು, ಎಲ್ಲ ಒಟ್ಟಿಗೆ ತಿಳಿಯಿತು.

"ಕಿವಿ ಹೋಗುತ್ತಾ ಉಂಟು ಬಾಯೆ" ಎಂದರು. "ಕಿವಿಯ ಮಿಷಿನ್ ತಂದಿದ್ದೇನೆ, ಬಟನಿನ ಡ್ರಾಯರಿನಲ್ಲಿ ಉಂಟು. ಮಾತಿಗೆ ಆಗುತ್ತದೆ. ಸಂಗೀತಕ್ಕೆ ಹಾಕಿದರೆ ಪಾತ್ರೆ ಬಿದ್ದ ಹಾಗೆ. ಸ್ವರ ಬೆರಳಿಗೆ ಗೊತ್ತುಂಟು. ತಾಳ, ಜೋರು ಎಲ್ಲ ಕಾಲಿಗೆ ಬರುತ್ತದೆ. ನಿನ್ನ ಡಬ್ಬಿ ಒಳ್ಳೆಯದೇ. ಆದರೆ ಅದು ಕಿವಿಗೆ ಮಾತ್ರ ಹೇಳುವುದು. ನನ್ನ ಕಾಲಿಗೆ ಎಂತ ಹೇಳುತ್ತದೆ?"

ಇಷ್ಟು ವರ್ಷ ವಾದ ಮಾಡಿ ನಾನು ಕೇಳದೆ ಹೋದ ಪ್ರಶ್ನೆ ಅದು.

"ಸಾಕು, ಇನ್ನು ಹೊಲಿಗೆ ಮಾಡಿಕೊಂಡು ಇರುತ್ತೇನೆ" ಎಂದು ಅವರು ಮೇಜಿನಿಂದ ಇಳಿದಾಗ ನನಗೆ ದುಃಖಕ್ಕಿಂತ ಸಿಟ್ಟು ಬಂತು. "ಕಣ್ಣು ಮಂಜಾದವರನ್ನು ನಾವು ಮನೆಗೆ ಕಳಿಸುವುದಿಲ್ಲ ಬಾಪ್ಪು, ಗಾಜು ಹಾಕಿ ಕಳಿಸುತ್ತೇವೆ" ಎಂದು ರೇಗಿ ಹೊರಟುಬಂದೆ. ಯಾವ ಗಾಜು ಎಂದು ನನಗೇ ಗೊತ್ತಿರಲಿಲ್ಲ.

ಆ ವಾರ ಮತ್ತೆ ಅಂಗಡಿಗೆ ಹೋದಾಗ ಅವರು ಹೊಲಿಗೆ ಮಿಷಿನ್ ಬಿಚ್ಚಿ ಎಣ್ಣೆ ಬಿಡುತ್ತಿದ್ದರು. ಜೋಡಿಸಿ ಓಡಿಸುತ್ತ, ಬರಿಗಾಲನ್ನು ಮಿಷಿನಿನ ಕಬ್ಬಿಣಕ್ಕೆ ತಾಗಿಸಿ, "ಇನ್ನೂ ಸ್ವಲ್ಪ ಬೇಕು" ಎಂದರು. ನಾನು ಆ ಕಾಲನ್ನೇ ನೋಡುತ್ತಿದ್ದೆ. ಆಂಪು ಹಿಂದೆ ಇರಬೇಕು ಎಂದು ಯಾರು ಹೇಳಿದ್ದು? ಕಾಲಿನ ಅಡಿಯಲ್ಲಿ ಇದ್ದರಾಗದೆ?

ಹೇಳಿದೆ. ಎರಡು ಸಲ ಹೇಳಬೇಕಾಯಿತು, ಎರಡನೆಯ ಸಲ ಎದುರು ನಿಂತು. ಅವರು ಇಸ್ತ್ರಿ ಮೇಜಿನ ಹಳೆಯ ಹಲಗೆ ಎಳೆದು ತಂದರು, ಹೊಲಿಗೆಯ ಟೇಪಿನಿಂದಲೇ ಅಳೆದು ಗುರುತು ಹಾಕಿದರು. ಮೊಳಕಾಲಿಗೂ ಬಾರದಷ್ಟು ಗಿಡ್ಡ ಮಣೆಯಂಥ ಪೆಟ್ಟಿಗೆ ತಯಾರಾಯಿತು. ಒಳಗೆ ಹಳೆಯ ಕಾರಿನ ಸ್ಪೀಕರನ್ನು ಮೇಲ್ಮುಖವಾಗಿ ಕೂರಿಸಿ ನನ್ನ ಮಾಡೆಲರಿನಿಂದ ಒಂದು ವಯರು ಎಳೆದೆವು. ಮೇಲೆ ನಿಂತವರ ಪಾದಕ್ಕಷ್ಟೇ ಅದರ ಮಾತು, ಪಕ್ಕದಲ್ಲಿ ನಿಂತವರಿಗೆ ಗೊಣಗಾಟದಷ್ಟೂ ಕೇಳದು. ದನಿ ಮಾತ್ರ ಅವರ ಆಂಪಿನದೇ ಇರಬೇಕೆಂದು ಮೈಕು ಹಿಡಿದು, ಮೆಲ್ಲಗೆ, ಜೋರಾಗಿ, ಎಲ್ಲ ಬಗೆಯಲ್ಲೂ ಅದನ್ನು ನುಡಿಸಿ ಮಾಡೆಲರಿಗೆ ಮತ್ತೊಮ್ಮೆ ಸರಿಯಾಗಿ ಕಲಿಸಿದೆ. ಬಾಪ್ಪು ಪಕ್ಕದಲ್ಲಿ ಕೂತು, "ಅಳತೆ ತೆಗೆಯುತ್ತಿದ್ದಿ. ಆಯ್ತು. ಆದರೆ ಟ್ರಯಲ್ ನೋಡದೆ ನಾನು ಯಾರಿಗೂ ಕೋಟು ಕೊಟ್ಟವನಲ್ಲ" ಎಂದರು.

ಟ್ರಯಲ್ ನಡೆದದ್ದು ಈಸ್ಟರಿನ ನಂತರ, ಶಿರ್ವದ ಒಂದು ರಿಸೆಪ್ಷನ್ನಿನಲ್ಲಿ. ಸೂಟು ತೊಟ್ಟ ಬಾಪ್ಪು ವೇದಿಕೆಯ ಮೇಲೆ ಬಂದು, ಶೂ ಕಳಚಿ, ಕಾಲುಚೀಲ ಮಡಚಿ ಜೇಬಿಗೆ ಹಾಕಿ ಮಣೆ ಹತ್ತಿದರು. ಮದುಮಗಳ ತಂದೆ ಓಡಿಬಂದರು. "ಎಂತ ಇದು, ವಿಡಿಯೊದಲ್ಲಿ ಬರುತ್ತದೆ, ಶೂ ಹಾಕಿ ಮಾರಾಯ್ರೆ!"

"ಶೂ ಹಾಕಿದರೆ ನನಗೆ ಕೇಳುವುದಿಲ್ಲ" ಎಂದರು ಬಾಪ್ಪು.

ಮದುಮಗಳ ತಂದೆ ತಮಾಷೆ ಎಂದುಕೊಂಡು ನಕ್ಕು ಹೋದರು. ಮದುಮಕ್ಕಳು ಬಾಗಿಲಿಗೆ ಬಂದರು, ಅವರನ್ನು ಒಳಗೆ ಕರೆತರುವ ಮಾರ್ಚ್ ಹಾಡು ಶುರುವಾಯಿತು. ಬಾಪ್ಪು ಒಂದು ಕ್ಷಣ ತಪ್ಪಿದರೂ ಇಡೀ ಸಭಾಂಗಣಕ್ಕೆ ಗೊತ್ತಾಗುತ್ತಿತ್ತು, ಅದೇ ಅವರ ಕೊನೆಯ ಮದುವೆಯೂ ಆಗುತ್ತಿತ್ತು. ನಾನು ಅವರ ಪ್ಯಾಂಟು ನೋಡಿದೆ. ಅದು ಅದುರುತ್ತಿರಲಿಲ್ಲ. ಕೆಳಗೆ ನೋಡಿದೆ. ಕಾಲ್ಬೆರಳುಗಳು ಮಣೆಯನ್ನು ಒತ್ತಿ ಬಿಡುತ್ತಿದ್ದವು, ಮಗುವಿನ ಬೆನ್ನು ತಟ್ಟಿದ ಹಾಗೆ. ಒಂದು ಸ್ವರವೂ ಜಾರಲಿಲ್ಲ. ಓಡಿದ್ದು ನಾನೇ. ಅವರು ತಲೆ ತಿರುಗಿಸದೆ, "ಬಸ್ಸು ಉಂಟಾ?" ಎಂದರು. ಅಷ್ಟು ಸಂತೋಷವಾಗಿ ನಾನು ಬೈಗುಳ ತಿಂದದ್ದಿಲ್ಲ.

ಇಳಿದು ಬಂದ ಮೇಲೆ, "ನೀನು ಗೆದ್ದಿ ಎಂದು ತಿಳಿಯಬೇಡ" ಎಂದರು. ಮಾಡೆಲರ್ ಒಳ್ಳೆಯದೋ ಆಂಪು ಒಳ್ಳೆಯದೋ ಎಂಬ ವಾದ ಆಮೇಲೂ ಪ್ರತಿ ಭಾನುವಾರ ನಡೆಯಿತು. ಈಗ ಮಾತ್ರ ನಾನು ಅವರ ಎದುರಿಗೆ ಕೂತು, ಬಾಯಿ ಕಾಣುವ ಹಾಗೆ ಜಗಳವಾಡುತ್ತಿದ್ದೆ.

ಬಾಪ್ಪು ಹೋಗಿ ಈಗ ಒಂದು ಮಳೆಗಾಲ ಕಳೆದಿದೆ. ಮಧ್ಯಾಹ್ನ ಊಟ ಮಾಡಿ ಅಂಗಡಿಯ ಕುರ್ಚಿಯಲ್ಲಿ ಒರಗಿದವರು ಏಳಲಿಲ್ಲ. ಮಿಷಿನಿನ ಮೇಲೆ ಅರ್ಧ ಹೊಲಿದ ಕೋಟಿನ ತೋಳಿತ್ತು. ಆಂಪನ್ನು ಡ್ರಮ್ಮರ್ ನನ್ನ ಮನೆಗೆ ತಂದಿಟ್ಟ. ಮಳೆಗಾಲದಲ್ಲಿ ನಾನೂ ಅದನ್ನು ಬೆಚ್ಚಗಿಡುತ್ತೇನೆ. ಮದುವೆಗೆ ಹೋಗುವಾಗ ಅದರ ದನಿ ನನ್ನ ಡಬ್ಬಿಯಲ್ಲಿ ಬರುತ್ತದೆ, ಮಣೆ ನನ್ನ ಕೈಯಲ್ಲಿ.

ಮೊದಲ ಸಲ ಆ ಮಣೆ ಹತ್ತಿದ್ದು ಅವರ ನೆನಪಿಗೆಂದು, ಅಷ್ಟೆ. ನನ್ನ ಕಿವಿ ಚೆನ್ನಾಗಿಯೇ ಇದೆ. ಮದುಮಕ್ಕಳ ಮಾರ್ಚ್ ಹಾಡು ಅರ್ಧ ದಾಟುವಾಗ ಯಜಮಾನರು ಕೀಬೋರ್ಡಿನಿಂದ ತಲೆ ಎತ್ತಿ ನನ್ನನ್ನು ನೋಡಿದರು. ನಾನು ಓಡಿರಲಿಲ್ಲ. ಇಷ್ಟು ವರ್ಷದ ಬೈಗುಳಕ್ಕೆ ಬಗ್ಗದ ಚಾಳಿ ಪಾದದ ಅಡಿಯಲ್ಲಿ ಸುಮ್ಮನಾಗಿತ್ತು. ಹಲಗೆಯಲ್ಲಿ ಅವರ ಬಲಪಾದ ಸವೆಸಿದ ಒಂದು ನುಣುಪಾದ ಜಾಗವಿದೆ, ನನ್ನ ಪಾದ ಅದರೊಳಗೆ ಸಡಿಲವಾಗಿ ಕೂರುತ್ತದೆ.

ಮೊನ್ನೆ ಕಾರ್ಕಳದ ಮದುವೆಯಲ್ಲಿ ಮದುಮಗಳ ಅತ್ತೆ ಬಂದು, ಇಷ್ಟು ಚಂದದ ಸೀರೆ ಉಟ್ಟು ಬರಿಗಾಲಲ್ಲಿ ನಿಂತಿದ್ದೀಯಲ್ಲ, ಚಪ್ಪಲಿ ಹಾಕಿಕೋ ಎಂದರು.

"ಚಪ್ಪಲಿ ಹಾಕಿದರೆ ನನಗೆ ಕೇಳುವುದಿಲ್ಲ" ಎಂದೆ.

ಅವರು ನಕ್ಕು ಹೋದರು. ನಾನು ದಪ್ಪ ತಂತಿಯನ್ನು ಮೀಟಿದೆ.