ಪ್ರಭುರಾಜ ಕೂರಿಸಿದ ಬೇರಿಂಗು

ಕನಕಗಿರಿಯ ಪ್ರಭುರಾಜನಿಗೆ ಕೈಗಿಂತ ಬಾಯಿ ಮುಂದು. ಹೈಸ್ಕೂಲಿನಲ್ಲಿ ಗುಮಾಸ್ತನಾದರೂ ಓಣಿಯಲ್ಲಿ ಯಾರ ಮನೆಯ ಫ್ಯಾನು ನಿಂತರೂ ಇವನೇ ಹಾಜರು. ಅಂಥವನ ಹಳೆಯ ಕಾರಿನ ಮುಂದಿನ ಗಾಲಿ ಗುಂಯ್ ಎನ್ನತೊಡಗಿದರೆ ಗ್ಯಾರೇಜಿಗೆ ಹೋದಾನೇ? ಮೊಬೈಲಿನಲ್ಲಿ ವಿಡಿಯೋ ನೋಡಿ, ಅಂಗಳದಲ್ಲಿ ಜಾಕ್ ಏರಿಸಿ, ಸವೆದ ಬೇರಿಂಗನ್ನು ಕಿತ್ತೇಬಿಟ್ಟ.

ಹೊಸದನ್ನು ಕೂರಿಸುವಾಗ ಪೇಚಾಟ ಶುರುವಾಯಿತು. ಬೇರಿಂಗಿನ ಹೊರಗಿನ ಬಳೆಯನ್ನಷ್ಟೇ ಒತ್ತಬೇಕು, ಒಳಗಿನದಕ್ಕೆ ಏಟು ಬೀಳಲೇಬಾರದು ಎಂದು ವಿಡಿಯೋದವನು ಬಾಯಿ ಬಡಿದುಕೊಂಡಿದ್ದ. ಆದರೆ ಬೇರಿಂಗು ಮುಕ್ಕಾಲು ಹೋಗಿ ಸಿಕ್ಕಿಕೊಂಡಿತು. ಓಣಿಯ ಮಂದಿ ಬೇರೆ ಸುತ್ತ ನಿಂತಿದ್ದರು. ಇವನಿಗೆ ತಲೆ ಕೆಟ್ಟು, ಅವ್ವನ ಒನಕೆ ತಂದು, ನಟ್ಟನಡುವೆ, ಒಳಗಿನ ಬಳೆಯ ಮೇಲೆಯೇ ಇಟ್ಟು ಮೇಲಿನಿಂದ ಸುತ್ತಿಗೆ ಬಾರಿಸಿದ. ಒಳಗೆ ಸಣ್ಣಗೆ ಟಕ್ ಎಂದಿತು. ಅದು ಅವನೊಬ್ಬನಿಗೇ ಕೇಳಿದ್ದು.

"ಕುಂತೈತಿ ನೋಡ್ರಿ!" ಎಂದು ಎಲ್ಲರಿಗೂ ಸಾರಿದ.

ಪಕ್ಕದ ಮನೆಯ ಪಂಪಾವತಿ ಅಲ್ಲೇ ಇದ್ದಳು. "ತಮ್ಮಾ, ನಮ್ಮ ಮಗಳು ವಾಣಿಶ್ರೀನ ಬಾಣಂತನಕ್ಕ ಹುಲಿಹೈದರದಿಂದ ಕರ್ಕೊಂಡು ಬರಬೇಕು. ಬಸ್ಸಿನ್ಯಾಗ ಬ್ಯಾಡ ಅಂತೀನಿ. ಗಾಡಿ ಛಲೋ ಐತೆಲ್ಲ?"

"ನನ್ನ ಕೈಲೆ ಮಾಡೀನ್ರಿ ಅಕ್ಕಾ, ಚಿಂತಿ ಬಿಡ್ರಿ."

ರವಿವಾರ ಪಂಪಾವತಿಯನ್ನು ಕೂರಿಸಿಕೊಂಡು ಹೊರಟ. ಹುಲಿಹೈದರದಲ್ಲಿ ವಾಣಿಶ್ರೀಯ ಅತ್ತೆ ಅಕ್ಕಿ, ಕೊಬ್ಬರಿ ಹಾಕಿ ಸೊಸೆಯ ಉಡಿ ತುಂಬಿ ಕಳಿಸಿದಳು. ಮರಳಿ ಬರುವಾಗ ಅರ್ಧ ದಾರಿಯವರೆಗೆ ಗಾಡಿ ಸುಮ್ಮನಿತ್ತು. ಆಮೇಲೆ ಗಾಲಿ ಗೊರಗೊರ ಎನ್ನತೊಡಗಿತು. ಅಂಗಳದಲ್ಲಿ ಕೇಳಿದ ಆ ಟಕ್ ಪ್ರಭುರಾಜನಿಗೆ ನೆನಪಾಯಿತು. ಆಗಲೇ ನಿಲ್ಲಿಸಬೇಕಿತ್ತು. ನಿಲ್ಲಿಸಿದರೆ ಓಣಿಯಲ್ಲಿ ತಲೆ ಎತ್ತಿ ತಿರುಗುವುದು ಹೇಗೆ? ಪುಣ್ಯಾತ್ಮ ಹಾಡಿನ ದನಿ ಏರಿಸಿದ!

"ಅದೇನು ಸಪ್ಪಳ, ತಮ್ಮಾ?" ಎಂದಳು ಪಂಪಾವತಿ.

"ರಸ್ತಾ ಸರಿ ಇಲ್ರಿ ಅಕ್ಕಾ."

ಸ್ವಲ್ಪ ದೂರಕ್ಕೆ ಸುಟ್ಟ ವಾಸನೆ ಬಂತು, ಸ್ಟೇರಿಂಗು ಗಡಗಡ ನಡುಗಿತು. ಇಳಿದು ನೋಡಿದರೆ ಗಾಲಿ ಓರೆಯಾಗಿ ವಾಲಿತ್ತು. ತುಂಬಿದ ಬಸುರಿ ಒಂದು ಕೈಯಲ್ಲಿ ಉಡಿ, ಒಂದು ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು, ಬಿಸಿಲಲ್ಲಿ ನಡೆದು ಬೇವಿನ ಮರದ ಬುಡಕ್ಕೆ ಹೋಗಿ ಕುಳಿತಳು. ಪ್ರಭುರಾಜ ಫೋನು ಮಾಡಿ ಕನಕಗಿರಿಯಿಂದ ಆಟೋ ಕರೆಸಿದ.

"ತಪ್ಪಾತವ್ವಾ," ಎಂದ, ವಾಣಿಶ್ರೀಯ ಮುಖ ನೋಡದೆ. "ಬೇರಿಂಗು ಕೆಡಿಸಿದಾಂವ ನಾನ. ಗೊತ್ತಿದ್ದೂ ಓಡಿಸಿದೆ."

"ಸಪ್ಪಳ ನನಗ ಆಗ್ಲೇ ಕೇಳಿತ್ತು ಮಾಮಾ," ಎಂದಳು ವಾಣಿಶ್ರೀ. "ಹೊಟ್ಟ್ಯಾಗಿನ ಕೂಸು ನೆನಿಸಿ ಭಾಳ ಅಂಜಿಕಿ ಆತು. ಆದ್ರ ನೀವು ಹಾಡು ಜೋರು ಮಾಡಿದ್ರಿ. ಮತ್ತ ಕೇಳಿದ್ರ ನಿಮಗ ಅವಮಾನ ಆಕ್ಕತಿ ಅಂತ ಸುಮ್ನ ಕುಂತೆ."

ಪ್ರಭುರಾಜನಿಗೆ ನಿಂತ ನೆಲವೇ ಬಾಯಿ ಬಿಡಬಾರದೇ ಎನಿಸಿತು.

ಆಟೋ ಬಂತು. ಪಂಪಾವತಿ ಒಳಗೆ ಸರಿದು ಜಾಗ ಮಾಡಿದಳು. "ಬಾ ತಮ್ಮಾ, ನೀನೂ ಕುಂದ್ರು."

"ನೀವು ಹೋಗ್ರಿ ಅಕ್ಕಾ. ನಾ ಗಾಡಿ ಕಾಯ್ತೀನಿ."

ಆ ಮುರುಕು ಗಾಡಿಯನ್ನು ಕದಿಯುವವರು ಯಾರೂ ಇರಲಿಲ್ಲ. ಆ ಹುಡುಗಿಯ ಜೊತೆ ಕೂರಲು ಅವನಿಗೆ ಮುಖವಿರಲಿಲ್ಲ.