ಕರಟ ಕಲೆಸಿದ ಮೇಷ್ಟ್ರು

ನಾನು ಓದು ಬಿಟ್ಟದ್ದು 1989ರಲ್ಲಿ, ಏಳನೇ ಕ್ಲಾಸಿಗೆ. ಆಮೇಲೆ ಯಾರಿಂದಲೂ ಪಾಠ ಹೇಳಿಸಿಕೊಂಡವನಲ್ಲ, ಪಕ್ಕದ ತೋಟಕ್ಕೆ ಮೇಷ್ಟ್ರು ಬರುವ ತನಕ. ತಿಪಟೂರಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತರಾದವರು. ನಾನು ಏನು ಜಂಬ ಕೊಚ್ಚಿದರೂ ಕನ್ನಡಕವನ್ನು ಪಂಚೆಯ ತುದಿಯಲ್ಲಿ ಒರೆಸಿ, "ಎಣಿಸಿ ನೋಡಾನ ಬಾರಪ್ಪ" ಅನ್ನುತ್ತಿದ್ದರು.

ಬೇವಿನ ಹಿಂಡಿಗೆ ಗಂಜಲ ಕಲೆಸಿ ನಾನೇ ಒಂದು ಗೊಬ್ಬರ ಮಾಡಿದ್ದೆ. ಹತ್ತು ತೆಂಗಿನ ಮರಕ್ಕೆ ಹಾಕಿದೆ, ಹತ್ತಕ್ಕೆ ಹಾಕಲಿಲ್ಲ. ವರ್ಷದ ಕೊನೆಗೆ ಎಣಿಸಿದರೆ ಹಾಕಿದವು ಸರಾಸರಿ ಎಂಟು ಕಾಯಿ ಹೆಚ್ಚು ಬಿಟ್ಟಿದ್ದವು. ಮಾರನೇ ದಿನ ಊರವರನ್ನೆಲ್ಲ ಕರೆದು ಹೇಳುವವನಿದ್ದೆ.

ಮೇಷ್ಟ್ರು ಇಪ್ಪತ್ತು ಕರಟ ತರಿಸಿ, ಒಂದೊಂದರೊಳಗೆ ಒಂದೊಂದು ಮರದ ಕಾಯಿ ಲೆಕ್ಕವನ್ನು ಸೀಮೆಸುಣ್ಣದಲ್ಲಿ ಬರೆದು, ಬೋರಲು ಹಾಕಿ ಕಲೆಸಿದರು.

"ನೋಡದಂಗೆ ಹತ್ತು ಎತ್ಕೋ. ಈಗ ಗೊಬ್ಬರದ ಮಾತೇ ಇಲ್ಲ. ಆದ್ರೂ ನೀನು ಎತ್ತಿದ ಹತ್ತು, ಉಳಿದ ಹತ್ತಕ್ಕಿಂತ ಸರಾಸರಿ ಎಂಟು ಕಾಯಿ ಮುಂದೆ ಬತ್ತದಾ ನೋಡಾನ."

ಸಂಜೆಯವರೆಗೆ ನೂರು ಸಲ ಕಲೆಸಿ ಎತ್ತಿದೆ. ಇಪ್ಪತ್ತೇಳು ಸಲ ಎಂಟೋ ಅದಕ್ಕಿಂತ ಹೆಚ್ಚೋ ಬಂತು. ಕೈಯಲ್ಲಿದ್ದ ಕರಟವನ್ನು ಕೆಳಗಿಟ್ಟೆ.

"ಬರೀ ಕಲೆಸಿದ್ದಕ್ಕೇ ಇಷ್ಟು ಸಲ ಬಂತಲ್ಲ ಸಾ! ವರ್ಷವೆಲ್ಲ ಗಂಜಲ ಹೊತ್ತೆನಲ್ಲ!"

"ಈ ನೂರಕ್ಕೆ ಇಪ್ಪತ್ತೇಳು ಅಂತ ಬಂತಲ್ಲ, ಇದನ್ನೇ ಪಿ-ಮೌಲ್ಯ ಅನ್ನೋದು ಕಣಪ್ಪ. ನೂರಕ್ಕೆ ಐದರ ಒಳಗಿದ್ದಿದ್ರೆ ನಾನೇ ಡಂಗುರ ಹೊಡೀತಿದ್ದೆ. ನಿನ್ನ ಗೊಬ್ಬರ ಸೋತಿಲ್ಲ, ಇನ್ನೂ ಗೆದ್ದಿಲ್ಲ, ಅಷ್ಟೇ. ಇನ್ನಷ್ಟು ಮರಕ್ಕೆ ಹಾಕಿ ನೋಡು."

ಊರವರನ್ನು ನಾನು ಕರೆಯಲಿಲ್ಲ.

ಮೇಷ್ಟ್ರು ಈಗಿಲ್ಲ. ನನ್ನ ಹತ್ತಿರ ಗೊಬ್ಬರ ಹಾಕಿದ ಅರವತ್ತು ಮರ, ಹಾಕದ ಅರವತ್ತು ಮರ, ಎರಡು ಹಸು, ನೂರಾ ಇಪ್ಪತ್ತು ಕರಟ ಇವೆ.